ಎಳೆಗೂಸಿನ ಓರೆಗತ್ತು ಮುಖಕ್ಕೂ ಹಲ್ಲಿಗೂ ಮಾಡುವುದೇನು

(ಪೋಷಕರು, ಆಶಾ ಕಾರ್ಯಕರ್ತೆಯರು ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಂಟು ವರ್ಷದ ಮಗುವೊಂದನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆತಂದಿದ್ದಾರೆ ಅಂದುಕೊಳ್ಳಿ. ಮೇಲಿನ ಬಾಚಿಹಲ್ಲುಗಳ ನಡುಗೆರೆಗೂ ಕೆಳಗಿನವುಗಳ ನಡುಗೆರೆಗೂ 3 ಮಿ.ಮೀ. ವ್ಯತ್ಯಾಸ. ಬಲಗಡೆ ಕಚ್ಚಿದರೆ ಕೆಳಗಿನ ದವಡೆಹಲ್ಲು ಮೇಲಿನದಕ್ಕಿಂತ ಹೊರಗೆ ಬಂದು ಕೂರುತ್ತದೆ. ಮುಖದ ನಡುಗೆರೆಗೆ ಹೋಲಿಸಿದರೆ ಗದ್ದ ಬಲಕ್ಕೆ ಸರಿದಿದೆ. ತಂತಿ ಕಟ್ಟಿಸುವ ಮಾತು ಶುರುವಾಗುವ ಮೊದಲು ಆಗಬೇಕಾದ ಕೆಲಸ ಒಂದಿದೆ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಎರಡೂ ಕಾಲರ್ ಮೂಳೆ ಕಾಣುವಂತೆ ಮಗುವನ್ನು ನೇರ ಕೂರಿಸಿ, ಅದರ ಕತ್ತು ನೋಡಬೇಕು. ಬಲಗಡೆ ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಹಗ್ಗದಂಥ ಬಿಗಿ ಪಟ್ಟಿಯೊಂದು ಎದ್ದು ಕಂಡರೆ, ಬಾಯಲ್ಲಿ ಕಾಣುತ್ತಿರುವ ತೊಂದರೆ ಬಾಯಲ್ಲಿ ಹುಟ್ಟಿದ್ದಲ್ಲದಿರಬಹುದು. ಮಗು ತಿಂಗಳೊಳಗಿನ ಕೂಸಾಗಿದ್ದಾಗಲೇ ಕತ್ತಿನಲ್ಲಿ ಅದು ಶುರುವಾಗಿರಬಹುದು.

ಆ ಪಟ್ಟಿಯ ಹೆಸರು ಸ್ಟರ್ನೊಕ್ಲೈಡೊಮಾಸ್ಟಾಯ್ಡ್. ಹೆಸರು ಉದ್ದವಾದರೂ ಅದರಲ್ಲೇ ವಿಳಾಸ ಇದೆ: ಎದೆಮೂಳೆಯ ಮೇಲ್ತುದಿ ಮತ್ತು ಕಾಲರ್ ಮೂಳೆಯ ಒಳತುದಿಯಿಂದ ಎರಡು ಕವಲಾಗಿ ಹೊರಟು, ಕಿವಿಯ ಹಿಂದೆ ಬೆರಳಿಗೆ ಗಟ್ಟಿಯಾಗಿ ಸಿಗುವ ಮೂಳೆಗೆ ಹೋಗಿ ಅಂಟುವ ಸ್ನಾಯು. ಬಲಗಡೆಯದು ಕುಗ್ಗಿದರೆ ತಲೆ ಬಲಭುಜದ ಕಡೆ ವಾಲುತ್ತದೆ, ಗದ್ದ ಎಡಕ್ಕೆ ತಿರುಗುತ್ತದೆ. ವಾಲುವುದು ಒಂದು ಕಡೆ, ತಿರುಗುವುದು ಇನ್ನೊಂದು ಕಡೆ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು. ಇವತ್ತಿನ ಮಾತಿನಲ್ಲೆಲ್ಲ ಬಲಗಡೆಯ ಸ್ನಾಯುವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇವೆ. ಎಡದ್ದಾದರೆ ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಳ್ಳಿ.

ಹುಟ್ಟಿನಿಂದ ಬರುವ ಓರೆಗತ್ತಿನಲ್ಲಿ ಈ ಸ್ನಾಯುವಿನ ಎಳೆಗಳ ಜಾಗದಲ್ಲಿ ನಾರಿನಂಥ ಅಂಗಾಂಶ ತುಂಬಿಕೊಳ್ಳುತ್ತದೆ. ಗರ್ಭದಲ್ಲಿ ಜಾಗ ಸಾಲದೆ ಕತ್ತು ಮಡಚಿಕೊಂಡೇ ಇರುವುದು, ಚೊಚ್ಚಲ ಬಸಿರು, ಕಾಲು ಅಥವಾ ಕುಂಡೆ ಮುಂದಾಗಿ ಬರುವ ಹೆರಿಗೆ, ಕಷ್ಟದ ಹೆರಿಗೆ, ಇವುಗಳ ಜೊತೆ ಇದು ಹೆಚ್ಚು ಕಾಣುತ್ತದೆ. ಸಿಸೇರಿಯನ್ ಆದ ಮಕ್ಕಳಲ್ಲೂ ಇರುತ್ತದೆ. ಹೀಗಾಗಿ ಹೆರಿಗೆ ಮಾಡಿಸಿದವರು ಎಳೆದದ್ದರಿಂದಲೇ ಹೀಗಾಯಿತು ಎಂದು ದೂರುವುದು ಬಹುಪಾಲು ಸಂದರ್ಭದಲ್ಲಿ ಸರಿಯಲ್ಲ. ಕೆಲವು ಕೂಸುಗಳಲ್ಲಿ 2ರಿಂದ 4 ವಾರದ ಹೊತ್ತಿಗೆ ಸ್ನಾಯುವಿನ ಮಧ್ಯೆ 1ರಿಂದ 3 ಸೆಂ.ಮೀ. ಗಾತ್ರದ ಗಟ್ಟಿ ಗಂಟು ಕೈಗೆ ಸಿಗುತ್ತದೆ. ಅದು ಕ್ಯಾನ್ಸರ್ ಅಲ್ಲ, ಕೀವಿನ ಗಡ್ಡೆಯೂ ಅಲ್ಲ. ಅಲ್ಟ್ರಾಸೌಂಡ್‌ನಲ್ಲಿ ಗುರುತು ಸಿಗುತ್ತದೆ, ಸೂಜಿ ಹಾಕಿ ಪರೀಕ್ಷಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ತಿಂಗಳುಗಳು ಕಳೆದಂತೆ ಅದು ತಾನಾಗಿ ಕರಗುತ್ತದೆ. ಮನೆಯವರು ಮೋಸಹೋಗುವುದು ಇಲ್ಲೇ. ಗಂಟು ಕರಗಿತು ಎಂದರೆ ಸ್ನಾಯು ಉದ್ದವಾಯಿತು ಎಂದಲ್ಲ. ಎಷ್ಟೋ ಸಲ ಗಂಟು ಹೋಗುತ್ತದೆ, ಬಿಗಿ ಉಳಿಯುತ್ತದೆ.

ಈಗ ಮುಖದ ವಿಷಯ. ಈ ಸ್ನಾಯು ಕೆಳದವಡೆಗೆ ಎಲ್ಲಿಯೂ ಅಂಟಿಲ್ಲ. ಹಾಗಿದ್ದೂ ದವಡೆ ಹೇಗೆ ಓರೆಯಾಗುತ್ತದೆ? ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ ಇದು. ಉತ್ತರ ಒಂದೇ ಎಳೆಯದಲ್ಲ. ಕತ್ತನ್ನು ಸುತ್ತುವರಿದ ಗಟ್ಟಿ ಪೊರೆಯೊಂದು ಈ ಸ್ನಾಯುವನ್ನು ಎರಡು ಪದರವಾಗಿ ಹೊದ್ದುಕೊಂಡು, ಮೇಲೆ ಕೆಳದವಡೆಯ ಅಂಚಿಗೆ ಹೋಗಿ ಹಿಡಿಯುತ್ತದೆ. ಸ್ನಾಯು ಗಿಡ್ಡವಾದರೆ ಆ ಬದಿಯ ಹೊದಿಕೆಯೂ ಬಿಗಿಯುತ್ತದೆ. ಎರಡನೆಯದು ಒತ್ತಡ. ಕೂಸಿನ ಕತ್ತು ಗಿಡ್ಡ, ಗದ್ದ ಮೆತ್ತಗೆ. ವಾಲಿದ ಕಡೆಯ ದವಡೆ ಭುಜಕ್ಕೂ ಎದೆಗೂ ಒತ್ತಿಕೊಂಡೇ ದಿನದ ಬಹುಭಾಗ ಕಳೆಯುತ್ತದೆ. ಮೂರನೆಯದು ಮಲಗುವ ಭಂಗಿ. ಗದ್ದ ಎಡಕ್ಕೆ ತಿರುಗಿರುವ ಮಗು ಅಂಗಾತ ಮಲಗಿದಾಗ ಪ್ರತಿಸಲವೂ ತಲೆಯ ಹಿಂಭಾಗದ ಎಡಬದಿಯೇ ಹಾಸಿಗೆಗೆ ತಾಗುತ್ತದೆ. ಅಲ್ಲಿ ಚಪ್ಪಟೆಯಾಗುತ್ತದೆ, ಎಡಗಿವಿ ಮತ್ತು ಎಡಹಣೆ ಮುಂದಕ್ಕೆ ಸರಿಯುತ್ತವೆ. ನೆತ್ತಿಯ ಮೇಲಿನಿಂದ ನೋಡಿದರೆ ತಲೆ ಒಂದು ಕಡೆಗೆ ತಳ್ಳಿದ ಚೌಕದಂತೆ ಕಾಣುತ್ತದೆ. ಬಲಗಡೆ ಕೆನ್ನೆ ಹಿಂದೆ ಸರಿದಂತೆ, ಬಲಗಣ್ಣು ಚಿಕ್ಕದಾಗಿ ಸ್ವಲ್ಪ ಕೆಳಗಿದ್ದಂತೆ ಕಾಣುತ್ತದೆ. ಬಲಗಡೆ ದವಡೆಯ ಹಿಂಬದಿಯ ನಿಲುವುಭಾಗ ಗಿಡ್ಡವಾಗಿ, ದವಡೆಯ ಗೆರೆ ಆ ಬದಿಗೆ ಮೇಲಕ್ಕೇರುತ್ತದೆ.

ತಲೆಬುರುಡೆಯ ಗಡಿಯಾರವೇ ಬೇರೆ, ಮುಖದ ಗಡಿಯಾರವೇ ಬೇರೆ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34-35 ಸೆಂ.ಮೀ., ಮೊದಲ ಹುಟ್ಟುಹಬ್ಬಕ್ಕೆ ಸುಮಾರು 46. ಅಂದರೆ ಒಂದೇ ವರ್ಷದಲ್ಲಿ 12 ಸೆಂ.ಮೀ. ಹತ್ತಿರ. ಅದರಲ್ಲೂ ಮೊದಲ ಮೂರು ತಿಂಗಳು ತಿಂಗಳಿಗೆ 2 ಸೆಂ.ಮೀ. ತಲೆಯ ಆಕಾರ ಕೆಡುವುದೂ ಸುಧಾರಿಸುವುದೂ ಹೆಚ್ಚಾಗಿ ಈ ಅವಧಿಯಲ್ಲೇ. ಕೆಳದವಡೆಗೆ ಅಷ್ಟು ಅವಸರವಿಲ್ಲ. ಅದು ಹುಡುಗಿಯರಲ್ಲಿ ಸುಮಾರು 15-16ರವರೆಗೆ, ಹುಡುಗರಲ್ಲಿ 18 ದಾಟಿಯೂ ಬೆಳೆಯುತ್ತಿರುತ್ತದೆ. ಕತ್ತಿನ ಬಿಗಿ ಬಿಡಿಸದೆ ಬಿಟ್ಟರೆ ಅಷ್ಟೂ ವರ್ಷ ಬಲಗಡೆ ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತಲೇ ಹೋಗುತ್ತದೆ. ವರ್ಷದ ಕೂಸಿನಲ್ಲಿ ತಾಯಿಯ ಕಣ್ಣಿಗೆ ಮಾತ್ರ ಬೀಳುವ ಓರೆ ಹದಿನೈದರಲ್ಲಿ ಫೋಟೋದಲ್ಲೇ ಎದ್ದು ಕಾಣುವುದು ಇದಕ್ಕೇ.

ಹಲ್ಲುಗಳು ಈ ಕಥೆಗೆ ತಡವಾಗಿ ಬರುತ್ತವೆ. ಆದರೆ ಬಾಯಿಯ ಸುಳಿವು ಹಲ್ಲಿಗೂ ಮುಂಚೆಯೇ ಇದೆ. ಮಗು ಬಾಯಿ ಅಗಲಿಸಿ ಅಳುವಾಗ ಎದುರಿನಿಂದ ನೋಡಿ: ಮೇಲಿನ ಮತ್ತು ಕೆಳಗಿನ ವಸಡಿನ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದೆ, ಕೆಳಗಿನದು ಬಲಕ್ಕೆ ಏರಿದೆಯೇ? ಒಂದು ಮೊಲೆಗೆ ಚೆನ್ನಾಗಿ ಕಚ್ಚಿಕೊಂಡು ಇನ್ನೊಂದರಲ್ಲಿ ಜಾರಿಜಾರಿ ಬಿಡುತ್ತಿದೆಯೇ? ಬಾಣಂತಿ ‘ಈ ಕಡೆ ಹಾಲು ಕುಡಿಯೋದೇ ಇಲ್ಲ’ ಎಂದರೆ ಹಾಲು ಕಡಿಮೆ ಎಂದು ತೀರ್ಮಾನಿಸುವ ಮೊದಲು ಕೂಸಿನ ಕತ್ತನ್ನು ಎರಡೂ ಕಡೆ ತಿರುಗಿಸಿ ನೋಡಬೇಕು.

6ನೇ ವರ್ಷದ ಆಸುಪಾಸಿನಲ್ಲಿ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ, ಅಲ್ಲಿಂದ 12ರವರೆಗೆ ಹಾಲುಹಲ್ಲು ಶಾಶ್ವತ ಹಲ್ಲು ಎರಡೂ ಬೆರೆತ ಕಾಲ. ಹಲ್ಲು ಎದುರಿನ ಹಲ್ಲು ಸಿಗುವವರೆಗೆ ಏರುತ್ತದೆ, ಸಿಕ್ಕಿದಲ್ಲಿ ನಿಲ್ಲುತ್ತದೆ. ಬಲಗಡೆ ಕೆಳದವಡೆ ಮೇಲಕ್ಕೇರಿ ಕೂತಿರುವುದರಿಂದ ಅಲ್ಲಿ ಮೇಲಿನ ಹಲ್ಲಿಗೆ ಇಳಿಯಲು ಜಾಗ ಕಡಿಮೆ, ಎಡಗಡೆ ಜಾಗ ಹೆಚ್ಚು. ಹೀಗಾಗಿ ಓರೆ ಕೆಳದವಡೆಯಲ್ಲಿ ಮುಗಿಯುವುದಿಲ್ಲ, ಮೇಲಿನ ಹಲ್ಲುಸಾಲೂ ಬಲಕ್ಕೆ ಏರಿದ ಇಳಿಜಾರಾಗುತ್ತದೆ. ನಕ್ಕಾಗ ಒಂದು ಬದಿಗೆ ವಸಡು ಹೆಚ್ಚು ಕಾಣುವುದು, ಗದ್ದದ ಜೊತೆ ಕೆಳಗಿನ ನಡುಗೆರೆ ಬಲಕ್ಕೆ ಸರಿಯುವುದು, ಬಲಗಡೆ ದವಡೆಹಲ್ಲು ಅಡ್ಡಕಚ್ಚುವುದು, ಎಲ್ಲವೂ ಈ ಇಳಿಜಾರಿನ ಮಕ್ಕಳು. ಮಗು ಸುಲಭವಾದ ಕಡೆಯಲ್ಲೇ ಅಗಿಯುತ್ತದೆ, ಅಗಿಯದ ಕಡೆ ಹಲ್ಲಿನ ಮೇಲೆ ಕೊಳೆ ಕೂರುತ್ತದೆ. ಪ್ರತಿ ಓರೆಗತ್ತಿನ ಮಗುವಿಗೂ ಹೀಗಾಗುತ್ತದೆ ಎಂದಲ್ಲ. ಬೇಗ ಆರೈಕೆ ಸಿಕ್ಕ ಹೆಚ್ಚಿನ ಮಕ್ಕಳಲ್ಲಿ ಉಳಿಯುವ ವ್ಯತ್ಯಾಸ ಯಾರ ಮುಖದಲ್ಲೂ ಇರುವಷ್ಟೇ.

ಅಳೆಯುವಾಗ ಆಗುವ ತಪ್ಪುಗಳ ಬಗ್ಗೆ ದಂತವೈದ್ಯ ವಿದ್ಯಾರ್ಥಿಗಳಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮರದ ಚಪ್ಪಟೆ ಕಡ್ಡಿಯನ್ನು ಎರಡೂ ಕಡೆಯ ದವಡೆಹಲ್ಲಿನ ನಡುವೆ ಅಡ್ಡ ಕಚ್ಚಿಸಿ, ಅದನ್ನು ಕಣ್ಣುಗಳ ಗೆರೆಗೆ ಹೋಲಿಸುವುದು ರೂಢಿ. ಓರೆಗತ್ತಿನಲ್ಲಿ ಕಣ್ಣಿನ ಗೆರೆಯೇ ವಾಲಿರಬಹುದು. ಕಣ್ಣಿನ ಗೆರೆ, ಬಾಯಿ ಮೂಲೆಗಳ ಗೆರೆ ಎರಡನ್ನೂ ಎಳೆದು ನೋಡಿದರೆ ಅವು ಬಿಗಿಯಿರುವ ಬದಿಯ ಕಡೆ ಹತ್ತಿರವಾಗುತ್ತವೆ. ಆ ಕೋನವನ್ನು ಬರೆದಿಡಿ, ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಹಿನ್ನೆಲೆಗೆ ತೂಗುಗುಂಡಿನ ದಾರವೊಂದು ಇಳಿಬಿಟ್ಟು ಫೋಟೋ ತೆಗೆದರೆ ನಿಜವಾದ ಲಂಬರೇಖೆ ಸಿಗುತ್ತದೆ. ಸೆಫಲೋಗ್ರಾಮ್ (ತಲೆ ಮತ್ತು ದವಡೆಗಳನ್ನು ಅಳೆಯಲು ತೆಗೆಯುವ ಎಕ್ಸ್-ರೇ) ತೆಗೆಯುವಾಗ ಕಿವಿಗಳಿಗೆ ಕಡ್ಡಿ ಇಟ್ಟು ತಲೆಯನ್ನು ‘ನೇರ’ ಮಾಡುತ್ತಾರೆ. ಈ ಮಕ್ಕಳಲ್ಲಿ ಕಿವಿಗಳೇ ಒಂದು ಮಟ್ಟದಲ್ಲಿಲ್ಲ. ಕಡ್ಡಿ ಕೂರಿಸಿದ ಕ್ಷಣವೇ ಇಲ್ಲದ ಓರೆ ಸೇರಿಕೊಳ್ಳುತ್ತದೆ, ಇಲ್ಲವೇ ಇರುವ ಓರೆ ಮುಚ್ಚಿಹೋಗುತ್ತದೆ. ಮೇಲ್ದವಡೆಯ ನಿಲುವು ಗುರುತಿಸಲು ಕಿವಿಗೆ ಸಿಕ್ಕಿಸುವ ಚೌಕಟ್ಟಾದ ಫೇಸ್‌ಬೋಗೂ ಇದೇ ಮಾತು. ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಎಕ್ಸ್-ರೇ ಆದ ಓಪಿಜಿಯಲ್ಲಿ ತಲೆ ಸ್ವಲ್ಪ ತಿರುಗಿದ್ದರೂ ಒಂದು ಬದಿಯ ದವಡೆ ದೊಡ್ಡದಾಗಿ ಬೀಳುವುದರಿಂದ, ಅದರಲ್ಲಿ ಎಡಬಲ ಅಳೆದು ತೀರ್ಪು ಕೊಡಬೇಡಿ. ಕುರ್ಚಿಯಲ್ಲಿ ಕೂರಿಸಿದಾಗ ತಲೆಯನ್ನು ಒತ್ತಿ ನೇರ ಮಾಡದೆ, ವಾಲಿದ ಕಡೆ ಸುತ್ತಿದ ಟವೆಲ್ ಇಟ್ಟು ಅದರ ಭಂಗಿಯಲ್ಲೇ ಕೆಲಸ ಮಾಡಿ.

ಇನ್ನೊಂದು ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಮಗುವಿಗೆ ಬಾಯಿ ಪೂರ್ತಿ ತೆರೆಯಲು ಹೇಳಿ, ನಿಧಾನವಾಗಿ ಮುಚ್ಚಿಸಿ. ತೆರೆದಾಗ ನಡುಗೆರೆಗಳು ಸೇರಿದ್ದು, ಮುಚ್ಚುವಾಗ ಹಲ್ಲೊಂದು ತಾಗಿ ದವಡೆ ಪಕ್ಕಕ್ಕೆ ಜಾರಿದರೆ ಅದು ಹಲ್ಲಿನ ಅಡ್ಡಿ, ಈಗಲೇ ತೆಗೆಯಬಹುದು. ತೆರೆದಾಗಲೂ ಸರಿದೇ ಇದ್ದರೆ ಮೂಳೆಯೇ ಓರೆ. ಓರೆಗತ್ತಿನ ಮಗುವಿನಲ್ಲಿ ಎರಡೂ ಸೇರಿರಬಹುದು.

ಇಷ್ಟೆಲ್ಲ ಆಗದಂತೆ ನೋಡಿಕೊಳ್ಳಲು ಇರುವ ಕಾಲ ಮೊದಲ ತಿಂಗಳು. ಅಮೆರಿಕದ ಮಕ್ಕಳ ಫಿಸಿಯೋಥೆರಪಿ ಮಾರ್ಗಸೂಚಿಯಲ್ಲಿರುವ ಅಂಕಿಗಳನ್ನು ನೋಡಿ. ಒಂದು ತಿಂಗಳಿಗೆ ಮುಂಚೆ ವ್ಯಾಯಾಮ ಶುರುವಾದರೆ 98% ಕೂಸುಗಳ ಕತ್ತು ಸುಮಾರು ಒಂದೂವರೆ ತಿಂಗಳಲ್ಲಿ ಪೂರ್ತಿ ತಿರುಗುತ್ತದೆ. ತಿಂಗಳು ದಾಟಿ ಶುರು ಮಾಡಿದರೆ ಸುಮಾರು 6 ತಿಂಗಳು ಬೇಕು. ಆರು ತಿಂಗಳು ದಾಟಿದ ಮೇಲಾದರೆ 9-10 ತಿಂಗಳು, ಅಷ್ಟಾದರೂ ಪೂರ್ತಿ ಸರಿಹೋಗುವವರ ಪ್ರಮಾಣ ಇಳಿಯುತ್ತದೆ. ‘ಕತ್ತು ನಿಂತ ಮೇಲೆ ಸರಿಹೋಗುತ್ತೆ’ ಎಂದು ಕಾಯುವ ಮೂರು ತಿಂಗಳ ಬೆಲೆ ಇದು.

ಆಶಾ ಕಾರ್ಯಕರ್ತೆಯರು ಇಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಇದ್ದೀರಿ, ನಿಮ್ಮಿಂದಲೇ ಇದು ಆಗಬೇಕು. ನೀವು ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತೀರಿ. ಗಂಟು ಕಾಣಿಸಿಕೊಳ್ಳುವ ಕಾಲವೂ ಅದೇ. ಹೆರಿಗೆ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಡಾಕ್ಟರು ನೋಡಿದರೂ ಅದು ಸಿಗುವುದಿಲ್ಲ, 6ನೇ ವಾರದ ಲಸಿಕೆಗೆ ಬರುವ ಹೊತ್ತಿಗೆ ತಿಂಗಳು ದಾಟಿರುತ್ತದೆ. ಆ ನಡುವೆ ಮಗುವನ್ನು ನೋಡುವವರು ನೀವೊಬ್ಬರೇ. ತೂಕ ನೋಡಿದ ಮೇಲೆ ಒಂದು ನಿಮಿಷ ಸಾಕು. ಅಂಗಾತ ಮಲಗಿಸಿ, ಎರಡೂ ಭುಜ ಹಾಸಿಗೆಗೆ ತಾಗಿರಲಿ. ಮುಖವನ್ನು ನಿಧಾನವಾಗಿ ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ ತಿರುಗಿಸಿ. ಎಳೆಗೂಸಿನ ಗದ್ದ ಸುಲಭವಾಗಿ ಭುಜ ದಾಟಿ ತಿರುಗುತ್ತದೆ. ಒಂದು ಕಡೆ ಭುಜದವರೆಗೂ ಬಾರದಿದ್ದರೆ, ಅಥವಾ ಕತ್ತಿನ ಬದಿಯಲ್ಲಿ ಗಂಟು ಸಿಕ್ಕರೆ, ಅದೇ ವಾರ ಮಕ್ಕಳ ಡಾಕ್ಟರಿಗೆ ತೋರಿಸಲು ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಹುಟ್ಟುದೋಷಗಳ ಪಟ್ಟಿಯಲ್ಲಿ ತಿರುಚುಪಾದ, ಸೊಂಟದ ಕೀಲಿನ ದೋಷ ಇವೆ, ಓರೆಗತ್ತಿಗೆ ಪ್ರತ್ಯೇಕ ಸಾಲಿಲ್ಲ. ಇರಬೇಕಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸೊಂಟದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಓರೆಗತ್ತಿರುವ ಕೂಸುಗಳಲ್ಲಿ ಸೊಂಟದ ಕೀಲು ಸಡಿಲವಿರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಕತ್ತು ನೋಡಿದವರು ಸೊಂಟವನ್ನೂ ನೋಡಲೇಬೇಕು.

ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಎದುರಿಗೆ ಕಲಿತು, ಅವರ ಮುಂದೆ ಒಮ್ಮೆ ಮಾಡಿ ತೋರಿಸಿ, ಆಮೇಲೆ ಮನೆಯಲ್ಲಿ ಮಾಡಬೇಕು. ಕತ್ತಿನ ಮೂಳೆಗಳಲ್ಲಿ ದೋಷವಿಲ್ಲ ಎಂದು ಡಾಕ್ಟರು ಖಚಿತಪಡಿಸುವ ಮುಂಚೆ ಬೇಡ. ಬಲಗಡೆ ಬಿಗಿಯಿರುವ ಕೂಸಿಗೆ ಮುಖ್ಯವಾಗಿ ಎರಡು ಎಳೆತಗಳು. ಮೊದಲನೆಯದರಲ್ಲಿ ಎಡಭುಜ ಮೇಲೇಳದಂತೆ ಅಂಗೈಯಿಂದ ಹಿಡಿದು, ಮುಖವನ್ನು ಬಲಕ್ಕೆ ತಿರುಗಿಸುವುದು. ಎರಡನೆಯದರಲ್ಲಿ ಬಲಭುಜವನ್ನು ಮೆಲ್ಲಗೆ ಕೆಳಗೆ ಹಿಡಿದು, ಎಡಗಿವಿ ಎಡಭುಜದ ಕಡೆ ಹೋಗುವಂತೆ ತಲೆಯನ್ನು ಬಾಗಿಸುವುದು, ಮೂಗು ಸೂರಿನ ಕಡೆಗೇ ಇರಬೇಕು. ಬಿಗಿ ಸಿಕ್ಕ ಜಾಗದಲ್ಲಿ 10ರಿಂದ 30 ಸೆಕೆಂಡು ನಿಲ್ಲಿಸಿ ಬಿಡಿ. ಮೂರರಿಂದ ಐದು ಸಲ, ದಿನಕ್ಕೆ ಹಲವು ಹೊತ್ತು. ಬಟ್ಟೆ ಬದಲಿಸುವಾಗಲೆಲ್ಲ ಮಾಡುವುದು ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಹಾಲು ಕುಡಿಸಿದ ಕೂಡಲೇ ಬೇಡ. ಮಗು ಎದುರೆಳೆದರೆ ಬಿಟ್ಟುಬಿಡಿ. ಜೋರಾಗಿ ಎಳೆದಷ್ಟೂ ಸ್ನಾಯು ಮುದುಡಿಕೊಳ್ಳುತ್ತದೆ, ಅತಿಯಾದರೆ ಅದರ ಎಳೆಗಳು ಹರಿಯಲೂಬಹುದು. ಕೈಯಲ್ಲಿ ‘ಟಕ್’ ಎಂದಂತಾಗಿ ಬಿಗಿ ಇದ್ದಕ್ಕಿದ್ದಂತೆ ಸಡಿಲವಾದರೆ, ಊತ ಬಂದರೆ, ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಎಳೆತಕ್ಕಿಂತ ಹೆಚ್ಚು ಫಲ ಕೊಡುವುದು ಉಳಿದ 23 ಗಂಟೆ. ಮಗು ಇಷ್ಟಪಟ್ಟು ಎಡಕ್ಕೆ ತಿರುಗುತ್ತದೆ, ಆದ್ದರಿಂದ ಕಿಟಕಿ, ಅಮ್ಮನ ಮುಖ, ಗಿಲಕಿ, ಮಾತು ಎಲ್ಲವೂ ಬಲಗಡೆಯಿಂದ ಬರಲಿ. ಹಾಸಿಗೆಯಲ್ಲಿ ತಲೆ ಕಾಲಿನ ದಿಕ್ಕು ಬದಲಿಸಿದರೆ ಅರ್ಧ ಕೆಲಸ ಆಯಿತು. ಎತ್ತಿಕೊಳ್ಳುವಾಗ ಬೆನ್ನು ನಿಮ್ಮ ಎದೆಗಿರಲಿ, ಬಲಮಗ್ಗುಲು ಕೆಳಗಾಗಿರಲಿ, ನಿಮ್ಮ ಮುಂಗೈ ಮಗುವಿನ ಬಲಗಿವಿಗೂ ಭುಜಕ್ಕೂ ನಡುವೆ ಇರಲಿ. ಮಗು ತಾನಾಗಿ ತಲೆ ಎತ್ತಿ ನೇರ ಮಾಡಿಕೊಳ್ಳುವಾಗ ಎಡಗಡೆಯ ಸ್ನಾಯು ಬಲವಾಗುತ್ತದೆ. ಎಚ್ಚರವಿದ್ದಾಗ ಬೋರಲು ಮಲಗಿಸಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಇನ್ನೂ ಅಂಬೆಗಾಲಿಡದ ಕೂಸುಗಳಿಗೆ ದಿನದಲ್ಲಿ ಅಲ್ಲಲ್ಲಿ ಹಂಚಿ ಕನಿಷ್ಠ 30 ನಿಮಿಷ. ನಿದ್ದೆಗೆ ಮಾತ್ರ ಅಂಗಾತವೇ.

ಓರೆಗತ್ತೆಲ್ಲ ಸ್ನಾಯುವಿನದಲ್ಲ. ಕತ್ತಿನ ಮೂಳೆಗಳು ಹುಟ್ಟಿನಿಂದಲೇ ಬೆಸೆದುಕೊಂಡಿರಬಹುದು, ತಲೆಬುರುಡೆಯ ಮೂಳೆಗಳ ನಡುವಿನ ಹೊಲಿಗೆಯಂಥ ಸಂದು ಬೇಗ ಮುಚ್ಚಿರಬಹುದು. ಕಣ್ಣಿನ ಸ್ನಾಯುವೊಂದು ಸೋತ ಮಗು ಎರಡೆರಡಾಗಿ ಕಾಣುವುದನ್ನು ತಪ್ಪಿಸಿಕೊಳ್ಳಲು ತಲೆ ವಾಲಿಸುತ್ತದೆ. ಅಂಥವರಲ್ಲಿ ಕತ್ತನ್ನು ಕೈಯಿಂದ ತಿರುಗಿಸಿದರೆ ಬಿಗಿಯೇ ಇರುವುದಿಲ್ಲ, ಒಂದು ಕಣ್ಣು ಮುಚ್ಚಿದರೆ ಎಷ್ಟೋ ಸಲ ತಲೆ ನೇರವಾಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಅಲ್ಲೂ ಮುಖ ಓರೆಯಾಗುತ್ತದೆ. ಚೆನ್ನಾಗಿದ್ದ ಮಗುವಿಗೆ ಗಂಟಲು ಸೋಂಕಾದ ಮೇಲೆ ಇದ್ದಕ್ಕಿದ್ದಂತೆ ನೋವಿನ ಓರೆಗತ್ತು ಬಂದರೆ, ಅಥವಾ ವಾಂತಿ, ತಲೆನೋವು, ತೂರಾಡುವ ನಡಿಗೆ ಜೊತೆಗಿದ್ದರೆ, ಎಳೆಯಬೇಡಿ, ಎಣ್ಣೆ ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಆರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ವರ್ಷದ ನಂತರ ಬಿಗಿ ಉಳಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಕಾಲರ್ ಮೂಳೆಗಿಂತ ಸ್ವಲ್ಪ ಮೇಲೆ, ಚರ್ಮದ ಮಡಿಕೆಯಲ್ಲಿ ಸಣ್ಣ ಗಾಯ ಮಾಡಿ ಸ್ನಾಯುವಿನ ಕೆಳತುದಿಗಳನ್ನು ಬಿಡಿಸುತ್ತಾರೆ. ಮೂಳೆಯ ಮೇಲೆಯೇ ಕೊಯ್ದರೆ ಕಲೆ ಅಗಲವಾಗುತ್ತದೆ. ದೊಡ್ಡ ಮಕ್ಕಳಲ್ಲಿ ಕಿವಿಯ ಹಿಂದಿನ ತುದಿಯನ್ನೂ ಬಿಡಿಸಬೇಕಾಗಬಹುದು, ಭುಜ ಎತ್ತುವ ನರ ಹತ್ತಿರವೇ ಹಾದುಹೋಗುವುದರಿಂದ ಅನುಭವಿ ಕೈ ಬೇಕು. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ ತಪ್ಪಿದರೆ ಗಾಯದ ನಾರು ಮತ್ತೆ ಬಿಗಿಯುತ್ತದೆ. 5 ವರ್ಷದೊಳಗೆ ಬಿಡಿಸಿದರೆ ಮುಂದಿನ ಬೆಳವಣಿಗೆಯೇ ಮುಖದ ಓರೆಯನ್ನು ಬಹಳಷ್ಟು ತಿದ್ದುತ್ತದೆ. ಹದಿಹರೆಯ ದಾಟಿದ ಮೇಲೆ ಮಾಡಿಸಿದರೂ ಕತ್ತು ತಿರುಗುತ್ತದೆ, ತಲೆ ನೇರವಾಗುತ್ತದೆ, ಬೆಳೆದು ನಿಂತ ಮೂಳೆ ಮಾತ್ರ ಬದಲಾಗುವುದಿಲ್ಲ.

ಹಲ್ಲಿನ ಚಿಕಿತ್ಸೆಯ ಕ್ರಮವೂ ಇದರಿಂದಲೇ ತಿಳಿಯುತ್ತದೆ: ಮೊದಲು ಕತ್ತು, ಆಮೇಲೆ ಹಲ್ಲು. ಬಿಗಿ ಬಿಡಿಸದೆ ತಂತಿ ಕಟ್ಟಿದರೆ ಹಲ್ಲು ಸಾಲಾಗಿ ನಿಲ್ಲಬಹುದು, ಬೆಳವಣಿಗೆ ಅದನ್ನು ಮತ್ತೆ ಓರೆಗೆ ಎಳೆಯುತ್ತದೆ. ದವಡೆ ಜಾರುವಂತೆ ಮಾಡುವ ಹಾಲುಹಲ್ಲಿನ ಮೊನೆಯನ್ನು ಸಿಕ್ಕಾಗಲೇ ತುಸು ಉಜ್ಜಬೇಕು. ಅಡ್ಡಕಚ್ಚುವಿಕೆಗೆ ಮೇಲ್ದವಡೆ ಅಗಲಿಸುವ ಸಾಧನವನ್ನು 7-9ರ ಹೊತ್ತಿಗೆ ಹಾಕಬಹುದು. ಗಿಡ್ಡ ಬದಿಯಲ್ಲಿ ಮೇಲಿನ ಹಲ್ಲು ಇಳಿಯಲು ಜಾಗ ಬಿಟ್ಟು, ಎದುರು ಬದಿಯಲ್ಲಿ ತಡೆಯುವ ಕಚ್ಚುಪಟ್ಟಿಯನ್ನು ಬೆಳೆಯುವ ವಯಸ್ಸಿನಲ್ಲೇ ಬಳಸಬೇಕು. ಬೆಳವಣಿಗೆ ಮುಗಿದ ಮೇಲೆ ಉಳಿದ ದೊಡ್ಡ ಓರೆಗೆ ಎರಡೂ ದವಡೆ ಕತ್ತರಿಸಿ ಕೂರಿಸುವ ಶಸ್ತ್ರಚಿಕಿತ್ಸೆಯೊಂದೇ ದಾರಿ.

ಸಭಿಕರ ಪ್ರಶ್ನೆಗಳಿಂದ

‘ಅಜ್ಜಿ ಎಣ್ಣೆನೀರು ಹಾಕುವಾಗ ಗಂಟನ್ನು ತಿಕ್ಕಿ ಕರಗಿಸುತ್ತೇನೆ ಅನ್ನುತ್ತಾರೆ.’ ಮೈಗೆ ಎಣ್ಣೆ ಹಚ್ಚುವುದಕ್ಕೆ ಅಡ್ಡಿಯಿಲ್ಲ. ಗಂಟನ್ನು ಒತ್ತಿ ತಿಕ್ಕುವುದು, ಗದ್ದ ಹಿಡಿದು ಕತ್ತನ್ನು ಜಗ್ಗುವುದು ಬೇಡ. ಅಜ್ಜಿಯ ಕೈಗೆ ಅಭ್ಯಾಸವಿದೆ, ಸರಿಯಾದ ಎರಡು ಎಳೆತಗಳನ್ನು ಅವರಿಗೇ ಕಲಿಸಿ. ದಿನವೂ ತಪ್ಪದೆ ಮಾಡುವವರು ಮನೆಯಲ್ಲಿ ಅವರೇ.

‘ತಲೆ ದುಂಡಗಾಗಲು ಸಾಸಿವೆ ದಿಂಬು ಇಡುತ್ತೇವೆ.’ ವರ್ಷದೊಳಗಿನ ಕೂಸಿಗೆ ಯಾವ ದಿಂಬೂ ಬೇಡ, ಉಸಿರು ಕಟ್ಟುವ ಅಪಾಯವಿದೆ. ಕತ್ತು ಬಿಗಿಯಿದ್ದರೆ ದಿಂಬಿನ ಮೇಲೂ ತಲೆ ಅದೇ ಕಡೆ ಉರುಳುತ್ತದೆ. ಸೀರೆಯ ಜೋಲಿಯಲ್ಲೂ ಹೀಗೆಯೇ: ಮೈ ಬಿಲ್ಲಿನಂತೆ ಬಾಗಿ ತಲೆ ಇಷ್ಟದ ಕಡೆಗೆ ಒರಗುತ್ತದೆ. ಓರೆಗತ್ತಿನ ಕೂಸನ್ನು ಚಪ್ಪಟೆಯಾದ ಗಟ್ಟಿ ಹಾಸಿಗೆಯಲ್ಲಿ ಮಲಗಿಸಿ.

‘ಹೆಲ್ಮೆಟ್ ಹಾಕಿಸಬೇಕೇ?’ ಹೆಲ್ಮೆಟ್ ತಲೆಯ ಆಕಾರಕ್ಕೆ ಮಾತ್ರ, ಸ್ನಾಯು ಉದ್ದ ಮಾಡುವುದಿಲ್ಲ, ದವಡೆ ತಿದ್ದುವುದಿಲ್ಲ. ಭಂಗಿ ಬದಲಿಸಿ ವ್ಯಾಯಾಮ ಮಾಡಿಯೂ ಚಪ್ಪಟೆ ಹೆಚ್ಚಾಗಿ ಉಳಿದ ಕೆಲವರಿಗೆ 4ರಿಂದ 6 ತಿಂಗಳ ನಡುವೆ ಶುರು ಮಾಡುತ್ತಾರೆ, ದಿನಕ್ಕೆ ಸುಮಾರು 23 ಗಂಟೆ ಹಾಕಿರಬೇಕು. ನಮ್ಮ ಸೆಕೆಯಲ್ಲಿ ಬೆವರುಗುಳ್ಳೆ ಏಳುವುದರಿಂದ ಒಳಗನ್ನು ದಿನವೂ ಒರೆಸಿ ಒಣಗಿಸಬೇಕು.

‘ಮಗಳಿಗೆ ಈಗ ಮೂರು ವರ್ಷ, ಹಳೇ ಫೋಟೋಗಳಲ್ಲೆಲ್ಲ ತಲೆ ಒಂದೇ ಕಡೆ ವಾಲಿದೆ. ತಡವಾಯಿತೇ?’ ಆ ಫೋಟೋಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿ ಮಕ್ಕಳ ಮೂಳೆ ಡಾಕ್ಟರ ಹತ್ತಿರ ಒಯ್ಯಿರಿ, ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಐದು ತುಂಬಲು ಇನ್ನೂ ಎರಡು ವರ್ಷ ಇದೆ. ಈ ವಾರವೇ ಹೋಗಿ.